ಸ್ಯಾಕ್ಸೊಫೋನಿನಲ್ಲಿ ಒಂದು ಕೃತಿ, ಹೆಸರು ‘ಕನ್ನಡ’

2004ರಲ್ಲಿ ನ್ಯೂಯಾರ್ಕಿನ ಪೈ ರೆಕಾರ್ಡಿಂಗ್ಸ್ ಎಂಬ ಸಣ್ಣ ಕಂಪನಿಯಿಂದ ಒಂದು ಜಾಝ್ ಆಲ್ಬಮ್ ಹೊರಬಂತು. ಹೆಸರು ‘ಮದರ್ ಟಂಗ್’. ಅದರಲ್ಲಿನ ಕೃತಿಗಳ ಪಟ್ಟಿ ನೋಡಿದರೆ ಕನ್ನಡಿಗರ ಹುಬ್ಬು ಮೇಲೇರುವುದು ಖಂಡಿತ: ಕನ್ನಡ, ಗುಜರಾತಿ, ತೆಲುಗು, ಕೊಂಕಣಿ, ತಮಿಳು, ಮಲಯಾಳಂ. ಜೊತೆಗೊಂದು ಇಂಗ್ಲಿಷ್. ಆದರೆ ಇವನ್ನು ಯಾರೂ ಹಾಡುವುದಿಲ್ಲ. ಇರುವುದು ಸ್ಯಾಕ್ಸೊಫೋನ್, ಪಿಯಾನೊ, ಬಾಸ್, ಡ್ರಮ್ಸ್ ಅಷ್ಟೇ. ಹಾಗಾದರೆ ‘ಕನ್ನಡ’ ಎಂಬ ಹೆಸರು ಯಾಕೆ?

ಸಂಯೋಜಕನ ಹೆಸರು ರುದ್ರೇಶ್ ಮಹಾಂತಪ್ಪ. ಅಮೆರಿಕದಲ್ಲೇ ಬೆಳೆದವರು, ಆಲ್ಟೊ ಸ್ಯಾಕ್ಸೊಫೋನ್ ವಾದಕ. ಕಂದು ಮೈಬಣ್ಣದವರನ್ನು ಕಂಡಾಗ ಅಲ್ಲಿನ ಕೆಲವರು ಕೇಳುವ ಪ್ರಶ್ನೆಯೊಂದಿದೆ: ‘ನೀವು ಇಂಡಿಯನ್ ಮಾತಾಡ್ತೀರಾ? ಹಿಂದೂ ಭಾಷೆ ಬರುತ್ತಾ?’ ಈ ಪ್ರಶ್ನೆಗೆ ಭಾರತೀಯ ಮೂಲದ ಅಮೆರಿಕನ್ನರು ತಂತಮ್ಮ ಭಾಷೆಯಲ್ಲಿ ಕೊಟ್ಟ ಉತ್ತರಗಳನ್ನು ಮಹಾಂತಪ್ಪ ಧ್ವನಿಮುದ್ರಿಸಿಕೊಂಡರು. ಆಮೇಲೆ ಆ ಮಾತಿನ ಏರಿಳಿತವನ್ನು ಕಿವಿಗೊಟ್ಟು ಕೇಳಿ ಸ್ವರಗಳಾಗಿ ಬರೆದುಕೊಂಡರು. ಯಾವ ಪದದಲ್ಲಿ ದನಿ ಮೇಲೇರುತ್ತದೆ, ಎಲ್ಲಿ ಒತ್ತು ಬೀಳುತ್ತದೆ, ಎಲ್ಲಿ ಉಸಿರು ನಿಲ್ಲುತ್ತದೆ ಎಂಬುದೇ ಕೃತಿಯ ರಾಗವೂ ಆಯಿತು, ಲಯವೂ ಆಯಿತು. ಪ್ರಶ್ನೆ ಅಜ್ಞಾನದ್ದು. ಅದಕ್ಕೆ ಉತ್ತರವಾಗಿ ಹುಟ್ಟಿದ ಸಂಗೀತ ಮಾತ್ರ ತುಂಬ ಲೆಕ್ಕಾಚಾರದ್ದು.

ಮಾತಿನಿಂದ ರಾಗ ತೆಗೆಯುವುದು ಎಂದರೆ ಸುಲಭ ಅನ್ನಿಸುತ್ತದೆ. ಆದರೆ ನಾವು ಮಾತಾಡುವಾಗ ಸರಿಗಮದ ಮೆಟ್ಟಿಲುಗಳ ಮೇಲೆ ಕಾಲಿಡುವುದಿಲ್ಲ, ಜಾರುತ್ತ ಹೋಗುತ್ತೇವೆ. ಕೀಲಿಗಳಿರುವ ವಾದ್ಯಕ್ಕೆ ಆ ಜಾರುದಾರಿಯನ್ನು ಇಳಿಸಬೇಕಾದರೆ ಯಾವ ಸ್ವರ ಉಳಿಸಬೇಕು, ಯಾವುದನ್ನು ಬಿಡಬೇಕು ಎಂದು ನಿರ್ಧರಿಸಬೇಕು. ಮಾತಿಗೆ ಆದಿತಾಳವೂ ಇಲ್ಲ, ನಾಲ್ಕು ಎಣಿಕೆಯ ಶಿಸ್ತೂ ಇಲ್ಲ. ಒಂದು ವಾಕ್ಯ ಏಳು ಎಣಿಕೆಗೆ ಮುಗಿದರೆ ಮುಂದಿನದು ಹನ್ನೊಂದಕ್ಕೆ ಎಳೆಯಬಹುದು. ಈ ಅಂಕುಡೊಂಕನ್ನು ನೇರ ಮಾಡದೆ ಹಾಗೇ ಉಳಿಸಿಕೊಂಡು, ನಾಲ್ವರು ಕಲಾವಿದರು ಅದರ ಮೇಲೆ ಮನೋಧರ್ಮದಿಂದ ನುಡಿಸುವಂತೆ ಕಟ್ಟಿದ್ದೇ ಈ ಆಲ್ಬಮ್ಮಿನ ಹೆಚ್ಚುಗಾರಿಕೆ. ಪಿಯಾನೊದಲ್ಲಿ ತಮಿಳು ಮೂಲದ ವಿಜಯ್ ಅಯ್ಯರ್, ಬಾಸ್‌ನಲ್ಲಿ ಫ್ರಾನ್ಸಿನ ಫ್ರಾಂಸ್ವಾ ಮುಟಾಂ, ಡ್ರಮ್ಸ್‌ನಲ್ಲಿ ಎಲಿಯಟ್ ಉಂಬೆರ್ಟೊ ಕಾವೀ ಇದ್ದರು.

ದೋಹಾದ ಬಿನ್ ಮಹಮೂದ್‌ನಲ್ಲಿ ಮನೆ ಮಾಡಿಕೊಂಡಿರುವ ಕನ್ನಡ ಕುಟುಂಬಗಳಿಗೆ ‘ಇಂಡಿಯನ್ ಮಾತಾಡ್ತೀರಾ?’ ಎಂಬ ಆ ಪ್ರಶ್ನೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ಮೆಟ್ರೊದ ಗೋಲ್ಡ್ ಲೈನಿನಲ್ಲಿ ಮುಶೈರಿಬ್ ದಾಟಿದ ಕೂಡಲೆ ಬರುವ ನಿಲ್ದಾಣ ಇದು. ಅಪಾರ್ಟ್‌ಮೆಂಟುಗಳು ಒತ್ತೊತ್ತಾಗಿ ನಿಂತಿರುವ ಈ ಬಡಾವಣೆಯಲ್ಲಿ ಒಂದೇ ಲಿಫ್ಟಿನೊಳಗೆ ಮಲಯಾಳ, ತುಳು, ಉರ್ದು, ತಗಾಲೊಗ್, ಅರಬಿ ಎಲ್ಲವೂ ಕಿವಿಗೆ ಬೀಳುತ್ತವೆ. ಅಲ್ಲಿ ಬೆಳೆಯುವ ಮಗುವನ್ನು ‘ನಿನ್ನದು ಯಾವ ಭಾಷೆ?’ ಎಂದು ಕೇಳಿದರೆ ಉತ್ತರ ಇಂಗ್ಲಿಷಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯಬಹುದು, ಇಲ್ಲವೇ ಅದರ ಉಲ್ಟಾ. ಮಹಾಂತಪ್ಪನವರ ಬಾಲ್ಯ ಬೇರೆ ಖಂಡದ್ದು, ಬೇರೆ ಕಾಲದ್ದು. ಆದರೂ ಪ್ರಶ್ನೆ ಅದೇ.

ರುದ್ರೇಶ್ ಹುಟ್ಟಿದ್ದು 1971ರಲ್ಲಿ, ಇಟಲಿಯ ಟ್ರಿಯೆಸ್ಟೆಯಲ್ಲಿ. ಭೌತವಿಜ್ಞಾನಿಗಳಿಗೆ ಆ ಊರು ಹೊಸದಲ್ಲ. ಅಬ್ದುಸ್ ಸಲಾಂ 1964ರಲ್ಲಿ ಕಟ್ಟಿದ ಸೈದ್ಧಾಂತಿಕ ಭೌತವಿಜ್ಞಾನದ ಅಂತರರಾಷ್ಟ್ರೀಯ ಕೇಂದ್ರ ಅಲ್ಲಿದೆ. ತಂದೆ ಕೆ.ಟಿ. ಮಹಾಂತಪ್ಪ ಅದೇ ಕ್ಷೇತ್ರದವರು. ಕರ್ನಾಟಕದಿಂದ ಹೋಗಿ ಹಾರ್ವರ್ಡ್‌ನಲ್ಲಿ ಜೂಲಿಯನ್ ಶ್ವಿಂಗರ್ ಅವರ ಶಿಷ್ಯರಾಗಿ ಡಾಕ್ಟರೇಟ್ ಪಡೆದರು. 1963ರಲ್ಲಿ ಪ್ರದೀಪ್ ಬಕ್ಷಿಯವರ ಜೊತೆ ಅವರು ಪ್ರಕಟಿಸಿದ ಪ್ರಬಂಧಗಳನ್ನು ಕ್ವಾಂಟಂ ಕ್ಷೇತ್ರ ಸಿದ್ಧಾಂತದ ವಿದ್ಯಾರ್ಥಿಗಳು ಈಗಲೂ ಹೆಸರಿಸುತ್ತಾರೆ. ಆಮೇಲೆ ಕೊಲರಾಡೊ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ಹಾಗಾಗಿ ರುದ್ರೇಶ್ ಬೆಳೆದದ್ದು ರಾಕಿ ಪರ್ವತದ ಬುಡದಲ್ಲಿರುವ ಬೌಲ್ಡರ್ ಪಟ್ಟಣದಲ್ಲಿ.

ಅಲ್ಲಿ ನಾಲ್ಕನೇ ತರಗತಿಯ ಹೊತ್ತಿಗೆ ಅವರ ಕೈಗೆ ಸ್ಯಾಕ್ಸೊಫೋನ್ ಬಂತು. ಇದರಲ್ಲಿ ಅಚ್ಚರಿಪಡುವಂಥದ್ದೇನೂ ಇಲ್ಲ. ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ ಹತ್ತು ಹನ್ನೊಂದರ ವಯಸ್ಸಿಗೆ ಮಕ್ಕಳು ಕ್ಲಾರಿನೆಟ್, ಟ್ರಂಪೆಟ್, ಟ್ರಾಂಬೋನ್, ಸ್ಯಾಕ್ಸೊಫೋನ್‌ಗಳಲ್ಲಿ ಒಂದನ್ನು ಹಿಡಿಯುವುದು ಮಾಮೂಲು. ನಮ್ಮಲ್ಲಿ ಬ್ಯಾಂಡ್ ಎಂದರೆ ಸ್ವಾತಂತ್ರ್ಯ ದಿನದ ಪಥಸಂಚಲನ, ಇಲ್ಲವೇ ಮದುವೆ ಮೆರವಣಿಗೆ. ಅಲ್ಲಿ ಬ್ಯಾಂಡ್ ಒಂದು ಪಾಠದ ವಿಷಯ. ಅದಕ್ಕೆ ಮೇಷ್ಟ್ರು, ಪೀರಿಯಡ್ಡು, ಸ್ಪರ್ಧೆ ಎಲ್ಲ ಇದೆ.

ಈ ಬ್ಯಾಂಡ್ ಲೋಕದ ಬಗ್ಗೆ ಎರಡು ಮಾತು ಹೇಳಲೇಬೇಕು. ಏಕೆಂದರೆ ಸ್ಯಾಕ್ಸೊಫೋನ್ ಹುಟ್ಟಿದ್ದೇ ಅದಕ್ಕಾಗಿ. ಬೆಲ್ಜಿಯಂನ ವಾದ್ಯ ತಯಾರಕ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸಿನಲ್ಲಿ ಅದರ ಪೇಟೆಂಟ್ ಪಡೆದ. ಮೈ ಹಿತ್ತಾಳೆಯದು, ಬಾಯಿಗಿಡುವ ಕಡೆ ಕ್ಲಾರಿನೆಟ್ಟಿನಂತೆ ಒಂದೇ ಬೆತ್ತದ ಪೀಪಿ. ಬಯಲಿನಲ್ಲಿ ದೂರದವರೆಗೂ ಕೇಳಬೇಕು, ಆದರೆ ಕಹಳೆಯಷ್ಟು ಒರಟಾಗಿರಬಾರದು ಎಂಬುದು ಅವನ ಲೆಕ್ಕ. ಫ್ರೆಂಚ್ ಸೇನೆಯ ಬ್ಯಾಂಡುಗಳು ಅದನ್ನು ತೆಗೆದುಕೊಂಡವು. ಸಿಂಫನಿ ಆರ್ಕೆಸ್ಟ್ರಾಗಳು ಮಾತ್ರ ಅದನ್ನು ಬಹುಪಾಲು ಹೊರಗೇ ನಿಲ್ಲಿಸಿದವು. ಅಮೆರಿಕದಲ್ಲಿ ಜಾನ್ ಫಿಲಿಪ್ ಸೂಸಾ 1892ರಲ್ಲಿ ಸ್ವಂತ ಬ್ಯಾಂಡ್ ಕಟ್ಟಿಕೊಂಡು ದೇಶ ಸುತ್ತಿದ. 1952ರಲ್ಲಿ ಫ್ರೆಡರಿಕ್ ಫೆನ್ನೆಲ್ ಈಸ್ಟ್‌ಮನ್ ವಿಂಡ್ ಎನ್‌ಸೆಂಬಲ್ ಶುರುಮಾಡಿ, ಗಾಳಿವಾದ್ಯಗಳ ಗುಂಪೂ ಗಂಭೀರ ಸಂಗೀತ ಕಚೇರಿ ನಡೆಸಬಲ್ಲದು ಎಂದು ತೋರಿಸಿಕೊಟ್ಟ.

ಅಲ್ಲಿಂದೀಚೆಗೆ ಬ್ಯಾಂಡಿಗಾಗಿಯೇ ಬರೆದು ಬದುಕುವ ಸಂಯೋಜಕರ ದೊಡ್ಡ ಪಡೆಯೇ ಹುಟ್ಟಿಕೊಂಡಿದೆ. ಫ್ರಾಂಕ್ ಟಿಕೆಲಿ, ಜಾನ್ ಮ್ಯಾಕಿ, ಒಮಾರ್ ಥಾಮಸ್ ಅವರಲ್ಲಿ ಮುಖ್ಯರು. ಇವರ ಜೀವನೋಪಾಯದ ದಾರಿ ನಮ್ಮ ಸಂಗೀತಗಾರರಿಗೆ ಕುತೂಹಲ ಹುಟ್ಟಿಸಬಹುದು. ರಾಜರಿಲ್ಲ, ಕೋಟ್ಯಧಿಪತಿಗಳ ಕೃಪೆಯೂ ಬೇಕಿಲ್ಲ. ಹತ್ತಿಪ್ಪತ್ತು ಶಾಲೆ, ಕಾಲೇಜುಗಳ ಬ್ಯಾಂಡುಗಳು ಒಟ್ಟು ಸೇರಿ ಚಂದಾ ಹಾಕುತ್ತವೆ, ಸಂಯೋಜಕರಿಂದ ಹೊಸ ಕೃತಿ ಬರೆಸುತ್ತವೆ, ಮೊದಲು ನುಡಿಸುವ ಹಕ್ಕನ್ನು ತಮ್ಮೊಳಗೆ ಹಂಚಿಕೊಳ್ಳುತ್ತವೆ. ಒಂದು ಪಟ್ಟಣದ ಹೈಸ್ಕೂಲು ಮಕ್ಕಳ ಎದುರು ಬದುಕಿರುವ ಸಂಯೋಜಕನ ಶಾಯಿ ಆರದ ಕೃತಿ ಇರುತ್ತದೆ.

ಶಾಲಾ ಬ್ಯಾಂಡಿಗೆ ಅಲ್ಲಿ ಎರಡು ಕವಲು. ಒಂದು ಕಚೇರಿ ಬ್ಯಾಂಡ್, ಇನ್ನೊಂದು ಜಾಝ್ ಬ್ಯಾಂಡ್. ಸ್ಯಾಕ್ಸೊಫೋನ್ ಹಿಡಿದ ಮಕ್ಕಳು ಹೆಚ್ಚಾಗಿ ಎರಡನೆಯದರ ಕಡೆ ವಾಲುತ್ತಾರೆ. ರುದ್ರೇಶ್ ವಾಲಿದ್ದೂ ಆ ಕಡೆಗೇ. ಗ್ರೋವರ್ ವಾಷಿಂಗ್ಟನ್ ಜೂನಿಯರ್, ಡೇವಿಡ್ ಸ್ಯಾನ್‌ಬಾರ್ನ್ ಮುಂತಾದ ಜನಪ್ರಿಯ ವಾದಕರಿಂದ ಶುರುವಾದ ಹುಚ್ಚು, ಸ್ಯಾಕ್ಸೊಫೋನ್ ಮೇಷ್ಟ್ರು ಜಾಝ್‌ನ ದೊಡ್ಡ ಆಲ್ಟೊ ವಾದಕ ಚಾರ್ಲಿ ಪಾರ್ಕರ್ ಅವರ ರೆಕಾರ್ಡ್ ಕೊಟ್ಟ ಮೇಲೆ ಹಿಂತಿರುಗದ ದಾರಿ ಹಿಡಿಯಿತು. ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಪದವಿ, ಶಿಕಾಗೊದ ಡಿಪಾಲ್ ವಿಶ್ವವಿದ್ಯಾಲಯದಲ್ಲಿ ಜಾಝ್ ಸಂಯೋಜನೆಯಲ್ಲಿ ಸ್ನಾತಕೋತ್ತರ ಪದವಿ. 90ರ ದಶಕದ ಕೊನೆಗೆ ನ್ಯೂಯಾರ್ಕ್.

ಇಷ್ಟರಲ್ಲಿ ಒಂದು ಇಕ್ಕಟ್ಟು ಅವರನ್ನು ಕಾಡುತ್ತಿತ್ತು. ಹೆಸರು ಮಹಾಂತಪ್ಪ, ಮುಖ ಭಾರತೀಯರದು. ಹಾಗಿದ್ದ ಮೇಲೆ ಭಾರತೀಯ ಸಂಗೀತ ಗೊತ್ತೇ ಇರಬೇಕು ಎಂಬುದು ಎದುರಿನವರ ಊಹೆ. ಅವರಿಗೋ ಗೊತ್ತಿದ್ದದ್ದು ಪಾರ್ಕರ್, ಕೋಲ್ಟ್ರೇನ್. ಸಿತಾರ್ ಸೇರಿಸಿ, ತಬಲಾ ಸೇರಿಸಿ ಎಂಬ ಧಾಟಿಯ ಸಲಹೆಗಳಿಗೂ ಕೊರತೆ ಇರಲಿಲ್ಲ. ಈ ಬಗ್ಗೆ ಹಲವು ಸಂದರ್ಶನಗಳಲ್ಲಿ ಅವರು ಹೇಳಿಕೊಂಡಿದ್ದಾರೆ. ತಿಳಿಯದ ಸಂಗೀತವನ್ನು ತಿಳಿದವರಂತೆ ನುಡಿಸಲು ಮನಸ್ಸಿಲ್ಲ, ಬಿಟ್ಟುಬಿಡಲೂ ಮನಸ್ಸಿಲ್ಲ. ಇಂಥ ಹೊತ್ತಿನಲ್ಲಿ ಅವರಣ್ಣ ತಮಾಷೆಗೆಂದು ಒಂದು ಆಲ್ಬಮ್ ತಂದುಕೊಟ್ಟ. ಅದರ ಹೆಸರೇ ನಗು ತರಿಸುವಂತಿತ್ತು: ‘ಸ್ಯಾಕ್ಸೊಫೋನ್ ಇಂಡಿಯನ್ ಸ್ಟೈಲ್’. ನುಡಿಸಿದವರು ಕದ್ರಿ ಗೋಪಾಲನಾಥ್.

ಕೇಳಿದ ಮೇಲೆ ನಗು ನಿಂತಿತು.

ಕದ್ರಿಯವರ ಕಥೆಯೂ ಶುರುವಾಗುವುದು ಬ್ಯಾಂಡಿನಿಂದಲೇ. 1949ರಲ್ಲಿ ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ ನಾಗಸ್ವರ ವಾದಕ ತನಿಯಪ್ಪನವರ ಮಗನಾಗಿ ಹುಟ್ಟಿದ ಅವರು ಮನೆಯ ವಾದ್ಯವನ್ನೇ ಕಲಿತರು. ಒಮ್ಮೆ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದರು. ಮೈಸೂರಿನ ಒಡೆಯರಿಗೆ ಪಾಶ್ಚಾತ್ಯ ಸಂಗೀತದ ಮೇಲೆ ಅಷ್ಟಿಷ್ಟು ಪ್ರೀತಿಯಲ್ಲ. ನಾಲ್ವಡಿಯವರ ಕಾಲದಲ್ಲಿ ಜರ್ಮನಿಯ ಒಟ್ಟೊ ಶ್ಮಿಟ್ ಅರಮನೆಯ ವಾದ್ಯವೃಂದ ನಡೆಸಿದರು. ಜಯಚಾಮರಾಜ ಒಡೆಯರ್ 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ರಿಚರ್ಡ್ ಸ್ಟ್ರೌಸ್ ಸಾಯುವ ಮೊದಲು ಬರೆದ ನಾಲ್ಕು ಗೀತೆಗಳು 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿಗೆ ಕೇಳಿಸಿದ್ದು ಇದೇ ಮಹಾರಾಜರ ಹಣದ ಭರವಸೆಯಿಂದ. ಕದ್ರಿಯವರು 1994ರಲ್ಲಿ ಬಿಬಿಸಿ ಪ್ರಾಮ್ಸ್‌ಗಾಗಿ ಸ್ಯಾಕ್ಸೊಫೋನ್ ಹಿಡಿದು ಹತ್ತಿದ್ದೂ ಅದೇ ಆಲ್ಬರ್ಟ್ ಹಾಲಿನ ವೇದಿಕೆಯನ್ನು. ಪ್ರಾಮ್ಸ್‌ಗೆ ಆಹ್ವಾನ ಪಡೆದ ಮೊದಲ ಕರ್ನಾಟಕ ಸಂಗೀತಗಾರ ಅವರು. ಮೈಸೂರು ಅರಮನೆ ಬಿತ್ತಿದ್ದು ಲಂಡನ್ನಿನಲ್ಲಿ ಎರಡು ಸಲ ಫಲ ಕೊಟ್ಟಿತು ಎಂದು ನಾವು ಹೆಮ್ಮೆಪಡಲು ಅಡ್ಡಿಯಿಲ್ಲ.

ಮರುಳಾಗುವುದು ಬೇರೆ, ನುಡಿಸುವುದು ಬೇರೆ. ನಾಗಸ್ವರದ ರಂಧ್ರಗಳು ಬರಿಯ ರಂಧ್ರಗಳು. ಬೆರಳನ್ನು ಅರ್ಧ ಎತ್ತಬಹುದು, ಕಾಲು ಎತ್ತಬಹುದು, ಮೆಲ್ಲನೆ ಸರಿಸಬಹುದು. ಗಮಕ ಹುಟ್ಟುವುದೇ ಆ ಸರಿಸುವಿಕೆಯಲ್ಲಿ. ಸ್ಯಾಕ್ಸೊಫೋನಿನ ರಂಧ್ರಗಳ ಮೇಲೆ ಚರ್ಮದ ಮೆತ್ತೆಯಿರುವ ಮುಚ್ಚಳಗಳಿವೆ. ಕೀಲಿ ಒತ್ತಿದರೆ ಮುಚ್ಚುತ್ತದೆ, ಬಿಟ್ಟರೆ ತೆರೆಯುತ್ತದೆ. ನಡುವಿನ ಸ್ಥಿತಿಗೆ ಸುಲಭದ ದಾರಿಯಿಲ್ಲ. ಇಂಥ ವಾದ್ಯದಲ್ಲಿ ತೋಡಿಯ ಗಾಂಧಾರವನ್ನು ಅಲುಗಿಸುವುದು ಹೇಗೆ? ಕದ್ರಿಯವರು ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ ಕಲಿತರು, ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರ ಶಿಷ್ಯರಾದರು. ವಾದ್ಯದ ಕೀಲಿಗಳಲ್ಲಿ ತಮಗೆ ಬೇಕಾದ ಮಾರ್ಪಾಟು ಮಾಡಿಕೊಂಡರು. ಉಳಿದದ್ದನ್ನು ತುಟಿಯ ಬಿಗಿತ, ಗಂಟಲು, ಉಸಿರಿನ ಒತ್ತಡದಿಂದ ಸಾಧಿಸಿದರು. ವರ್ಷಗಟ್ಟಲೆ ನಡೆದ ಸಾಧನೆ ಅದು.

1980ರ ಬಾಂಬೆ ಜಾಝ್ ಉತ್ಸವದಲ್ಲಿ ಅವರ ವಾದನ ಕೇಳಿದ ಅಮೆರಿಕದ ಆಲ್ಟೊ ವಾದಕ ಜಾನ್ ಹ್ಯಾಂಡಿ ತಾವೂ ವೇದಿಕೆಯೇರಿ ಜೊತೆಗೂಡಿದರು. ಹ್ಯಾಂಡಿಗೆ ಭಾರತೀಯ ಸಂಗೀತ ಹೊಸದಲ್ಲ. ಅಲಿ ಅಕ್ಬರ್ ಖಾನ್ ಅವರೊಂದಿಗೆ ಅದಾಗಲೇ ಆಲ್ಬಮ್ ಮಾಡಿದ್ದವರು. 1994ರಲ್ಲಿ ಕೆ. ಬಾಲಚಂದರ್ ಅವರ ‘ಡ್ಯುಯೆಟ್’ ಚಿತ್ರಕ್ಕೆ ಎ.ಆರ್. ರೆಹಮಾನ್ ಕದ್ರಿಯವರಿಂದ ನುಡಿಸಿದ ಮೇಲೆ ಸ್ಯಾಕ್ಸೊಫೋನ್ ದಕ್ಷಿಣ ಭಾರತದ ಮನೆಮಾತಾಯಿತು. ಇವತ್ತು ಕರಾವಳಿಯ ಎಷ್ಟೋ ದೇವಸ್ಥಾನಗಳ ಉತ್ಸವಗಳಲ್ಲಿ, ಮದುವೆ ಮಂಟಪಗಳಲ್ಲಿ ಓಲಗದ ಜಾಗಕ್ಕೆ ಸ್ಯಾಕ್ಸೊಫೋನ್ ಬಂದು ಕೂತಿದೆ. ಫ್ರೆಂಚ್ ಸೇನೆಯ ವಾದ್ಯ ದೇವರ ಬಲಿ ಹೊರಡುವಾಗ ಮುಂದೆ ನಡೆಯುವುದನ್ನು ಅಡಾಲ್ಫ್ ಸ್ಯಾಕ್ಸ್ ಕನಸಿನಲ್ಲೂ ಎಣಿಸಿರಲಾರ.

ಬೌಲ್ಡರಿನ ಹುಡುಗನಿಗೆ ಆ ಆಲ್ಬಮ್ ಕೊಟ್ಟದ್ದು ಧೈರ್ಯ. ತನ್ನ ವಾದ್ಯವೇ, ಆಲ್ಟೊ ಸ್ಯಾಕ್ಸೊಫೋನೇ, ತಂದೆ ತಾಯಿಯ ನಾಡಿನ ಸಂಗೀತವನ್ನು ಒಂದಿಷ್ಟೂ ಸೊಟ್ಟಮಾಡದೆ ನುಡಿಸುತ್ತಿದೆ! ಬರ್ಕ್ಲಿಯ ವಿದ್ಯಾರ್ಥಿ ತಂಡದೊಂದಿಗೆ ಭಾರತಕ್ಕೆ ಬಂದದ್ದೂ ಕಿವಿ ತೆರೆಸಿತು. ಆದರೆ ಮಹಾಂತಪ್ಪ ಆತುರಪಡಲಿಲ್ಲ. 2002ರ ‘ಬ್ಲ್ಯಾಕ್ ವಾಟರ್’, ಆಮೇಲಿನ ‘ಮದರ್ ಟಂಗ್’, 2006ರ ‘ಕೋಡ್‌ಬುಕ್’ ಹೀಗೆ ಒಂದೊಂದಾಗಿ ತಮ್ಮ ಜಾಝ್ ಭಾಷೆಯನ್ನೇ ಮೊದಲು ಗಟ್ಟಿ ಮಾಡಿಕೊಂಡರು. ‘ಕೋಡ್‌ಬುಕ್’ನಲ್ಲಿ ಅಪ್ಪನ ಮಗ ಎದ್ದು ಕಾಣುತ್ತಾರೆ. ಅದರ ಕೃತಿಗಳಿಗೆ ಆಧಾರ ಗೂಢಲಿಪಿ ಶಾಸ್ತ್ರ. ಮೋರ್ಸ್ ಸಂಕೇತದ ಚುಕ್ಕಿ ಗೆರೆಗಳು ಲಯವಾಗುತ್ತವೆ, ಅಂಕಿಗಳ ಸರಣಿಗಳು ಸ್ವರಗಳಾಗುತ್ತವೆ. ಕೇಳುವವರಿಗೆ ಅದರ ಗಣಿತ ತಿಳಿಯಬೇಕಾದ್ದಿಲ್ಲ, ತಿಳಿಯದಿದ್ದರೂ ಸಂಗೀತದ ವೇಗ ಎಳೆದುಕೊಂಡು ಹೋಗುತ್ತದೆ. ಇದೇ ಅವಧಿಯಲ್ಲಿ ವಿಜಯ್ ಅಯ್ಯರ್ ಜೊತೆ ಇಬ್ಬರೇ ನುಡಿಸಿದ ‘ರಾ ಮೆಟೀರಿಯಲ್ಸ್’ ಕೂಡ ಬಂತು.

ಕೊನೆಗೂ ಇಬ್ಬರು ಸ್ಯಾಕ್ಸೊಫೋನ್ ವಾದಕರೂ ಒಂದೇ ವೇದಿಕೆಯಲ್ಲಿ ಕೂತರು. ನ್ಯೂಯಾರ್ಕಿನ ಏಷ್ಯಾ ಸೊಸೈಟಿ ಅದಕ್ಕೆ ಬೆಂಬಲ ಕೊಟ್ಟಿತು. ತಂಡದ ಹೆಸರು ದಕ್ಷಿಣ ಎನ್‌ಸೆಂಬಲ್. 2008ರಲ್ಲಿ ಬಂದ ಆಲ್ಬಮ್ಮಿನ ಹೆಸರು ‘ಕಿನ್ಸ್‌ಮೆನ್’. ಕದ್ರಿಯವರ ಬಳಗದಿಂದ ಪಿಟೀಲಿಗೆ ಎ. ಕನ್ಯಾಕುಮಾರಿ, ಮೃದಂಗಕ್ಕೆ ಪೂವಲೂರ್ ಶ್ರೀಜಿ. ಮಹಾಂತಪ್ಪನವರ ಕಡೆಯಿಂದ ಗಿಟಾರಿನ ರೆಝ್ ಅಬ್ಬಾಸಿ, ಬಾಸ್‌ನ ಕಾರ್ಲೊ ಡಿರೋಸಾ, ಡ್ರಮ್ಸ್‌ನ ರಾಯಲ್ ಹಾರ್ಟಿಗನ್.

ಈ ಜೋಡಣೆಯಲ್ಲಿ ತೊಡಕು ಎಲ್ಲಿದೆ ಎಂದು ತಿಳಿದರೆ ಕೇಳುವ ರುಚಿ ಹೆಚ್ಚುತ್ತದೆ. ನಮ್ಮ ಸಂಗೀತದಲ್ಲಿ ಶ್ರುತಿ ಒಂದೇ. ಷಡ್ಜ ಕಚೇರಿ ಮುಗಿಯುವವರೆಗೂ ಜಾಗ ಬಿಟ್ಟು ಕದಲುವುದಿಲ್ಲ, ರಾಗ ಅದರ ಸುತ್ತ ಬೆಳೆಯುತ್ತದೆ. ಜಾಝ್‌ನಲ್ಲಿ ಕೆಳಗಿನ ನೆಲವೇ ಚಲಿಸುತ್ತಿರುತ್ತದೆ. ಪಿಯಾನೊ ಅಥವಾ ಗಿಟಾರ್ ಎರಡೆರಡು ಎಣಿಕೆಗೊಮ್ಮೆ ಸ್ವರಗುಚ್ಛ ಬದಲಿಸುತ್ತದೆ, ವಾದಕ ಅದಕ್ಕೆ ತಕ್ಕಂತೆ ಹೊಸ ಸ್ವರಗಳನ್ನು ಹುಡುಕಬೇಕು. ಇಬ್ಬರೂ ತಂತಮ್ಮ ಪದ್ಧತಿ ಬಿಡದೆ ಜೊತೆಯಲ್ಲಿ ನುಡಿಸಬೇಕಾದರೆ ಯಾರೋ ಒಬ್ಬರು ಎರಡೂ ಕಡೆ ಓಡಾಡಿ ಸೇತುವೆ ಕಟ್ಟಬೇಕು. ಸಂಯೋಜಕನಾಗಿ ಆ ಕೆಲಸ ಹೊತ್ತವರು ಮಹಾಂತಪ್ಪ. ಅಗ್ಗದ ಫ್ಯೂಷನ್ ಕಚೇರಿಗಳಲ್ಲಿ ಸಾಮಾನ್ಯವಾಗಿ ಏನಾಗುತ್ತದೆ? ಒಬ್ಬರು ಐದು ನಿಮಿಷ, ಇನ್ನೊಬ್ಬರು ಐದು ನಿಮಿಷ, ಕೊನೆಗೆ ತನಿ ಆವರ್ತನದ ಗದ್ದಲ, ಚಪ್ಪಾಳೆ. ‘ಕಿನ್ಸ್‌ಮೆನ್’ ಆ ಜಾತಿಯದಲ್ಲ.

ಇದರಲ್ಲಿನ ‘ಗಣೇಶ’, ‘ಸ್ನೇಕ್’ ಕೃತಿಗಳನ್ನು ಕೇಳಿ. ಮೊದಲ ಕೆಲವು ನಿಮಿಷ ಇಬ್ಬರಲ್ಲಿ ಯಾರು ಯಾರೆಂದು ಗೊಂದಲವಾಗುತ್ತದೆ, ಆಮೇಲೆ ವ್ಯತ್ಯಾಸ ಸ್ಪಷ್ಟ. ಕದ್ರಿಯವರ ನಾದ ದುಂಡಗೆ, ಸ್ವರದಿಂದ ಸ್ವರಕ್ಕೆ ಹರಿದುಕೊಂಡು ಹೋಗುವಂಥದ್ದು. ನಾಗಸ್ವರದ ನೆನಪು ಅದರಲ್ಲಿ ಎಂದೂ ಮಾಸಿದ್ದಿಲ್ಲ. ಮಹಾಂತಪ್ಪನವರದು ಚೂಪು ದನಿ, ಒಂದೊಂದು ಸ್ವರಕ್ಕೂ ಅಂಚು ಕೊರೆದಂತೆ. ಒಬ್ಬರು ಬಿಟ್ಟ ಎಳೆಯನ್ನು ಇನ್ನೊಬ್ಬರು ಎತ್ತಿಕೊಳ್ಳುವಾಗ ರಾಗದ ಚೌಕಟ್ಟು ಉಳಿದೇ ಇರುತ್ತದೆ, ಆದರೆ ಉಚ್ಚಾರ ಬದಲಾಗುತ್ತದೆ. ಅಮೆರಿಕದ ಜಾಝ್ ವಿಮರ್ಶಕರು ಆ ವರ್ಷದ ಒಳ್ಳೆಯ ಆಲ್ಬಮ್ಮುಗಳ ಪಟ್ಟಿಗಳಲ್ಲಿ ಇದನ್ನು ಸೇರಿಸಿದರು. ನಮ್ಮ ಪತ್ರಿಕೆಗಳಲ್ಲಿ ಅದರ ಬಗ್ಗೆ ಆಗ ಬಂದದ್ದು ಸಾಲದು.

‘ಕಿನ್ಸ್‌ಮೆನ್’ ನಂತರದ ದಾರಿಯನ್ನು ಬೇಗ ದಾಟಬಹುದು. 2007ರಲ್ಲಿ ಸಿಕ್ಕ ಗುಗೆನ್‌ಹೈಮ್ ಫೆಲೋಶಿಪ್ಪಿನ ಫಲವಾಗಿ ‘ಸಂಧಿ’ 2011ರಲ್ಲಿ ಬಂತು. ಅದರಲ್ಲಿ ಎಲೆಕ್ಟ್ರಿಕ್ ಗಿಟಾರಿನ ಪಕ್ಕದಲ್ಲಿ ಮೃದಂಗ. ಹಿರಿಯ ವಾದಕ ಬಂಕಿ ಗ್ರೀನ್ ಅವರನ್ನು ಮತ್ತೆ ಬೆಳಕಿಗೆ ತಂದದ್ದು 2010ರ ‘ಏಪೆಕ್ಸ್’. ಪಾಕಿಸ್ತಾನದಲ್ಲಿ ಹುಟ್ಟಿದ ರೆಝ್ ಅಬ್ಬಾಸಿ, ತಬಲಾ ಮತ್ತು ಡ್ರಮ್ಸ್ ಎರಡನ್ನೂ ಬಲ್ಲ ಡ್ಯಾನ್ ವೈಸ್ ಜೊತೆ ಸೇರಿ ಇಂಡೋ-ಪಾಕ್ ಕೊಯಲಿಷನ್ ಎಂಬ ಮೂವರ ತಂಡ ಕಟ್ಟಿದರು. 2013ರ ‘ಗಮಕ್’ ಬೇರೆ ಹಾದಿಯದು. ಪಿಯಾನೊದ ಹನ್ನೆರಡು ಕಟ್ಟೆಗಳ ನಡುವಿನ ಸಂದಿಗಳಲ್ಲಿ ಓಡಾಡುವ ಗಿಟಾರ್ ವಾದಕ ಡೇವಿಡ್ ಫಿಯುಝಿನ್ಸ್ಕಿಯನ್ನು ಜೊತೆಗಿಟ್ಟುಕೊಂಡು, ಗಮಕದ ತತ್ವವನ್ನು ರಾಕ್ ಸಂಗೀತದ ಅಬ್ಬರದಲ್ಲೂ ಉಳಿಸಲು ಮಾಡಿದ ಪ್ರಯತ್ನ. ಎಲ್ಲ ಕಡೆಯೂ ಗೆದ್ದಿದೆ ಎನ್ನಲಾಗದು. ಕೆಲವೆಡೆ ಅಬ್ಬರವೇ ಮೇಲುಗೈ. 2014ರಲ್ಲಿ ಮಿನಿಯಾಪೊಲಿಸ್ಸಿನ ರಾಗಮಾಲಾ ನೃತ್ಯ ತಂಡದ ಭರತನಾಟ್ಯ ಪ್ರಯೋಗ ‘ಸಾಂಗ್ ಆಫ್ ದ ಜಾಸ್ಮಿನ್’ಗೆ ಸಂಗೀತ ಕೊಟ್ಟರು. ಅದರ ಪ್ರೇರಣೆ ತಮಿಳಿನ ಆಂಡಾಳ್. ಮುಂದೊಂದು ದಿನ ಅಕ್ಕಮಹಾದೇವಿಯೂ ಅವರ ಕಿವಿಗೆ ಬೀಳಲಿ ಎಂದು ಹೆಸರಿನಲ್ಲೇ ಮಹಾಂತನನ್ನು ಇಟ್ಟುಕೊಂಡವರ ಬಗ್ಗೆ ಆಸೆಪಟ್ಟರೆ ತಪ್ಪಲ್ಲ.

ಅವರ ಅತಿ ಯಶಸ್ವಿ ಕೃತಿಗುಚ್ಛದ ವಸ್ತು ಮಾತ್ರ ಭಾರತವಲ್ಲ. 2015ರ ‘ಬರ್ಡ್ ಕಾಲ್ಸ್’ ಪೂರ್ತಿ ಚಾರ್ಲಿ ಪಾರ್ಕರ್‌ಗೆ ಸಲ್ಲಿಸಿದ ಗೌರವ. ವಿಶೇಷವೆಂದರೆ ಅದರಲ್ಲಿ ಪಾರ್ಕರ್ ಬರೆದ ಒಂದು ಕೃತಿಯನ್ನೂ ಇದ್ದಂತೆ ನುಡಿಸಿಲ್ಲ. ಪಾರ್ಕರ್‌ನ ಒಂದು ಕೃತಿಯ ಸ್ವರಗಳನ್ನು ತೆಗೆದುಕೊಂಡು ಲಯ ಬದಲಿಸುವುದು, ಇನ್ನೊಂದರ ಲಯ ಉಳಿಸಿಕೊಂಡು ಸ್ವರ ಬದಲಿಸುವುದು, ಹೀಗೆ ಒಡೆದು ಕಟ್ಟಿದ್ದು. ಪಾರ್ಕರ್‌ನ ‘ಡೆಕ್ಸ್ಟೆರಿಟಿ’ ಇಲ್ಲಿ ‘ಬೋತ್ ಹ್ಯಾಂಡ್ಸ್’ ಆಗಿದೆ. ಟ್ರಂಪೆಟ್ ಹಿಡಿದ ಆಡಮ್ ಓಫ್ಯಾರಿಲ್ ಆಗ ಇಪ್ಪತ್ತರ ಆಸುಪಾಸಿನ ಹುಡುಗ. ಡೌನ್‌ಬೀಟ್ ಪತ್ರಿಕೆಯ ವಿಮರ್ಶಕರು ಅದನ್ನು ವರ್ಷದ ಜಾಝ್ ಆಲ್ಬಮ್ ಎಂದು ಆರಿಸಿದರು. ಅದೇ ಪತ್ರಿಕೆಯ ಸಮೀಕ್ಷೆಯಲ್ಲಿ ಆಲ್ಟೊ ವಾದಕರ ಮೊದಲ ಸ್ಥಾನ ಮಹಾಂತಪ್ಪನವರಿಗೆ ಹಲವು ವರ್ಷ ಸಿಕ್ಕಿದೆ. ಡೋರಿಸ್ ಡ್ಯೂಕ್ ಪ್ರಶಸ್ತಿ ಬಂದದ್ದು 2013ರಲ್ಲಿ.

ಇಲ್ಲೊಂದು ಮಾತು. ಭಾರತೀಯ ಸಂಗೀತ ಸೇರಿಸಿದ್ದರಿಂದಲೇ ಮಹಾಂತಪ್ಪ ದೊಡ್ಡವರಾದರು ಎಂಬ ಭಾವನೆ ನಮ್ಮಲ್ಲಿ ಸುಲಭವಾಗಿ ಹುಟ್ಟುತ್ತದೆ. ‘ಬರ್ಡ್ ಕಾಲ್ಸ್’ ಅದನ್ನು ಸುಳ್ಳಾಗಿಸುತ್ತದೆ. ಪಾರ್ಕರ್‌ನನ್ನು ಅರೆದು ಕುಡಿದದ್ದರಿಂದಲೇ ಅವರು ಕದ್ರಿಯವರ ಪಕ್ಕದಲ್ಲಿ ಅಳುಕದೆ ಕೂರಲು ಸಾಧ್ಯವಾಯಿತು.

2016ರಿಂದ ಅವರು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜಾಝ್ ವಿಭಾಗದ ನಿರ್ದೇಶಕರು. 2020ರಲ್ಲಿ ಬಂದ ‘ಹೀರೊ ಟ್ರಿಯೊ’ ಅವರು ತಮ್ಮ ರಚನೆಗಳನ್ನು ಬದಿಗಿಟ್ಟು ಪಾರ್ಕರ್, ಸ್ಟೀವಿ ವಂಡರ್, ಜಾನಿ ಕ್ಯಾಶ್ ಮುಂತಾದ ಮೆಚ್ಚಿನವರ ಕೃತಿಗಳನ್ನು ನುಡಿಸಿದ ಆಲ್ಬಮ್. ಪಿಯಾನೊ ಇಲ್ಲ, ಗಿಟಾರ್ ಇಲ್ಲ. ಸ್ಯಾಕ್ಸೊಫೋನಿಗೆ ಆಸರೆಯಾಗಿ ಬಾಸ್ ಮತ್ತು ಡ್ರಮ್ಸ್ ಮಾತ್ರ.

ಬರೆದ ಸಂಗೀತದ ಕಡೆ, ಅಂದರೆ ಕಚೇರಿ ಬ್ಯಾಂಡ್ ಲೋಕಕ್ಕೆ ಸಮೀಪದ ಕಡೆ, ಅವರು ಇಟ್ಟ ಹೆಜ್ಜೆಗಳಲ್ಲಿ ಮುಖ್ಯವಾದದ್ದು ಪ್ರಿಸಂ ಕ್ವಾರ್ಟೆಟ್‌ಗಾಗಿ ರಚಿಸಿದ ಕೃತಿ. ಇದು ನಾಲ್ಕು ಸ್ಯಾಕ್ಸೊಫೋನುಗಳ ತಂಡ. ಸೊಪ್ರಾನೊ, ಆಲ್ಟೊ, ಟೆನರ್, ಬ್ಯಾರಿಟೋನ್ ಎಂಬ ಅಡಾಲ್ಫ್ ಸ್ಯಾಕ್ಸ್‌ನ ಕುಟುಂಬವೇ ಅಲ್ಲಿದೆ. ಕೃತಿಯ ಹೆಸರು ತುಸು ಜಗಳಗಂಟಿ: ‘ಐ ವಿಲ್ ನಾಟ್ ಅಪಾಲಜೈಸ್ ಫಾರ್ ಮೈ ಟೋನ್ ಟುನೈಟ್’. ನನ್ನ ದನಿಗೆ ಇವತ್ತು ಕ್ಷಮೆ ಕೇಳುವುದಿಲ್ಲ ಎಂದು. ಡ್ರಮ್ಸ್ ಇಲ್ಲದೆ, ತಾಳವಾದ್ಯವೇ ಇಲ್ಲದೆ, ಬರೀ ಉಸಿರಿನಿಂದ ಲಯ ಹುಟ್ಟಿಸಬಲ್ಲ ಬರವಣಿಗೆಯ ಕೈ ಅವರಿಗಿದೆ ಎಂಬುದಕ್ಕೆ ಇದೇ ಸಾಕ್ಷಿ.

ಕದ್ರಿ ಗೋಪಾಲನಾಥ್ 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ತೀರಿಕೊಂಡರು. 2004ರಲ್ಲೇ ಅವರಿಗೆ ಪದ್ಮಶ್ರೀ ಬಂದಿತ್ತು. ಅವರ ಶಿಷ್ಯರು, ಶಿಷ್ಯರ ಶಿಷ್ಯರು ಕರಾವಳಿಯ ತುಂಬ ಇದ್ದಾರೆ. ಕದ್ರಿಯವರನ್ನು ಮರುಳು ಮಾಡಿದ್ದ ಮೈಸೂರು ಅರಮನೆಯ ಬ್ಯಾಂಡ್ ಇವತ್ತು ಪೊಲೀಸ್ ಬ್ಯಾಂಡಾಗಿ ಮುಂದುವರಿದಿದೆ. ಕರ್ನಾಟಕ ಸಂಗೀತ ನುಡಿಸುವ ತಂಡವೊಂದು, ಇಂಗ್ಲಿಷ್ ಬ್ಯಾಂಡ್ ಒಂದು. ದಸರಾ ದಿನಗಳಲ್ಲಿ ದೀಪ ಹಚ್ಚಿದ ಅರಮನೆಯ ಮುಂದೆ ಅವರು ನಡೆಸುವ ಕಚೇರಿಗೆ ಜನ ಕಿಕ್ಕಿರಿದು ಸೇರುತ್ತಾರೆ.

ಹೊಸಬರು ಎಲ್ಲಿಂದ ಕೇಳಲು ಶುರುಮಾಡಬೇಕು? ‘ಕಿನ್ಸ್‌ಮೆನ್’ನಿಂದ. ಕಲ್ಯಾಣಿ ಪರಿಚಯವಿದ್ದವರಿಗೆ ಅದೇ ಹೆಸರಿನ ಭಾಗದಲ್ಲಿ ಕಾಲೂರಲು ಜಾಗ ಸಿಗುತ್ತದೆ. ಆಮೇಲೆ ‘ಮದರ್ ಟಂಗ್’ನ ‘ಕನ್ನಡ’. ಮೊದಲ ಸಲ ಕೇಳಿದಾಗ ಕನ್ನಡ ಎಲ್ಲಿದೆ ಎಂದು ತಡಕಾಡಬೇಕಾಗಬಹುದು, ಎರಡು ಮೂರು ಸಲ ಕೇಳಿ. ಬಿನ್ ಮಹಮೂದ್‌ನಲ್ಲಾಗಲಿ ಬಸವನಗುಡಿಯಲ್ಲಾಗಲಿ ಫೋನಿನಲ್ಲಿ ಇವೆಲ್ಲ ಸಿಗುತ್ತವೆ. ಮಗುವಿಗೆ ಗಾಳಿವಾದ್ಯ ಕಲಿಸುವ ಮನಸ್ಸಿರುವ ದೋಹಾದ ತಂದೆತಾಯಿಗಳಿಗೆ 2011ರಿಂದ ನಡೆಯುತ್ತಿರುವ ಕತಾರ್ ಮ್ಯೂಸಿ­ಕ್ ಅಕಾಡೆಮಿಯೂ ಇದೆ. ಅಲ್ಲಿ ಅರಬ್ ಸಂಗೀತವನ್ನೂ ಪಾಶ್ಚಾತ್ಯ ಸಂಗೀತವನ್ನೂ ಕಲಿಸುತ್ತಾರೆ.

ಇನ್ನು ಮೈಸೂರಿನವರಿಗೊಂದು ಕೋರಿಕೆ. ಅಮೆರಿಕದ ಹೈಸ್ಕೂಲುಗಳು ಚಂದಾ ಎತ್ತಿ ಹೊಸ ಕೃತಿ ಬರೆಸುತ್ತವೆ. ಕರ್ನಾಟಕದ ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ದಸರಾ ಸಮಿತಿ, ಹೊರನಾಡಿನ ಕನ್ನಡ ಸಂಘಗಳು ಕೈಜೋಡಿಸಿದರೆ ಅದರ ಖರ್ಚು ನಮಗೆ ದೊಡ್ಡ ಮೊತ್ತವಲ್ಲ. ಪೊಲೀಸ್ ಬ್ಯಾಂಡಿನ ಎರಡೂ ತಂಡಗಳು ಸೇರಿ ನುಡಿಸುವಂಥ ಒಂದು ಕೃತಿಯನ್ನು ರುದ್ರೇಶ್ ಮಹಾಂತಪ್ಪನವರಿಂದ ಬರೆಸಿ, ಕದ್ರಿಯವರ ಶಿಷ್ಯರೊಬ್ಬರನ್ನು ಮುಂದೆ ಕೂರಿಸಿ, ಒಂದು ದಸರಾದಲ್ಲಿ ಅರಮನೆ ಅಂಗಳದಲ್ಲಿ ನುಡಿಸಿ.